ಗುಡಿಸಿ ಹಾಕಿದ ಬಂಡೆ

ಚೆನ್ನೈ, ಹೊರಡುವ ಮುಂಚೆ

ಇಪ್ಪತ್ತಾರು ವರ್ಷದಿಂದ ಸಮುದ್ರದ ತಳದ ನಕ್ಷೆ ಮಾಡುತ್ತಿದ್ದೇನೆ. ಒಂದು ದಿನವೂ ದೋಣಿ ಹತ್ತಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಮರ್ಯಾದೆ ಇನ್ನೂ ಹೋಗುವುದಿದೆ, ಎಲ್ಲ ಒಂದೇ ಸಲ ಹೋಗುವುದು ಬೇಡ.

ನನ್ನ ಸಮುದ್ರ ಇರುವುದು ಎಸಿ ಹಾಕಿದ ಒಂದು ಕೋಣೆಯಲ್ಲಿ, ಎರಡು ಪರದೆಗಳ ಮೇಲೆ. ದೋಣಿಯವರು ಕಡಲಿಗೆ ಹೋಗಿ ಯಂತ್ರದಿಂದ ನೀರಿನೊಳಗೆ ಧ್ವನಿ ಬಿಡುತ್ತಾರೆ. ಅದು ತಳಕ್ಕೆ ಬಡಿದು ವಾಪಸು ಬರಲು ಹಿಡಿದ ಹೊತ್ತಿನಿಂದ ಅಲ್ಲಿ ಆಳ ಎಷ್ಟೆಂದು ತಿಳಿಯುತ್ತದೆ. ಹೀಗೆ ದಿನಕ್ಕೆ ಲಕ್ಷಗಟ್ಟಲೆ ಚುಕ್ಕಿಗಳು ಬಂದು ಬೀಳುತ್ತವೆ. ಅವುಗಳ ನಡುವೆ ಕಸವೂ ಇರುತ್ತದೆ: ಮೀನಿನ ಹಿಂಡಿಗೆ ಬಡಿದು ಬಂದ ಧ್ವನಿ, ದೋಣಿಯೇ ಎಬ್ಬಿಸಿದ ಗುಳ್ಳೆ. ಆ ಕಸದ ಚುಕ್ಕಿಗಳನ್ನು ಹುಡುಕಿ ತೆಗೆದು ತಳವನ್ನು ಚೊಕ್ಕ ಮಾಡುವುದು ನನ್ನ ಕೆಲಸ. “ಸುಗುಣ ಮೇಡಂ ಪೆರುಕ್ಕಿನಾ ಒರು ತೂಸಿ ಇರುಕ್ಕಾದು” ಎಂದು ಆಫೀಸಿನಲ್ಲಿ ಮಾತಿದೆ. ಸುಗುಣ ಮೇಡಂ ಗುಡಿಸಿದರೆ ಒಂದು ಧೂಳಿನ ಕಣವೂ ಉಳಿಯುವುದಿಲ್ಲ ಎಂದರ್ಥ. ಹೇಳಿದವರಿಗೆಲ್ಲ ನಾನು ಒಳಗೊಳಗೇ ಸಿಹಿ ಹಂಚಿದ್ದೇನೆ.

ಎರಡು ವರ್ಷದ ಹಿಂದೆ ಕಾಶಿಮೇಡಿನ ಏಳುಮಲೈ ಎಂಬ ಮೀನುಗಾರರು ಹರಿದ ಬಲೆಯೊಂದನ್ನು ಗೋಣಿಚೀಲದಲ್ಲಿ ಹೊತ್ತು ಆಫೀಸಿಗೇ ಬಂದಿದ್ದರು. ಸೆಳೆತಕ್ಕೆ ಬಲೆ ತೇಲಿಹೋಗಿ ಪಾರಿಗೆ ಸಿಕ್ಕಿ ಹರಿಯಿತಂತೆ. ಪಾರು ಎಂದರೆ ಅವರ ಮಾತಿನಲ್ಲಿ ನೀರೊಳಗಿನ ಬಂಡೆ. ಅದನ್ನು ನಕ್ಷೆಯಲ್ಲಿ ಹಾಕಿ, ಇನ್ನೊಬ್ಬರ ಬಲೆ ಹರಿಯುವುದು ಬೇಡ ಎಂದರು. ನಾನು ಆ ಭಾಗದ ನಕ್ಷೆಯ ಶೀಟು ತೆರೆದು ತೋರಿಸಿದೆ. ಹಾಸಿದ ಹಾಗೆ ಮರಳು. “ಇಲ್ಲಿ ಪಾರು ಇಲ್ಲ ಅಣ್ಣಾ” ಎಂದು ಮರ್ಯಾದೆಯಿಂದಲೇ ಹೇಳಿ, ಒಂದು ಕಾಫಿ ಕುಡಿಸಿ ಕಳಿಸಿದೆ. ಅವರು ವಾದ ಮಾಡಲಿಲ್ಲ. ಅದನ್ನು ನಾನು ಗೆಲುವೆಂದುಕೊಂಡೆ.

ಹೀಗೆ ಗುಡಿಸುವುದರಲ್ಲಿ ಹೆಸರು ಮಾಡಿದವಳನ್ನು ಮೂರು ವಾರಕ್ಕೆ ಐರ್‌ಲ್ಯಾಂಡಿಗೆ ಕಳಿಸಿದರು. ತನ್ನ ಪಾಲಿನ ಕಡಲ ತಳವನ್ನೆಲ್ಲ ಅಳೆಯಲು ಹೊರಟ ದೇಶ ಅದು. ಎಲ್ಲಿ ಮೀನು ಮರಿ ಮಾಡುತ್ತದೆ, ಎಲ್ಲಿ ಹಡಗು ನಿಲ್ಲಬಹುದು, ಎಲ್ಲಿ ಕೇಬಲ್ ಹಾಸಬಹುದು, ಎಲ್ಲಿ ಏನನ್ನೂ ಮುಟ್ಟಬಾರದು ಎಂಬುದನ್ನು ತಳ ನೋಡಿಯೇ ತೀರ್ಮಾನಿಸಬೇಕು, ಕಣ್ಣು ಮುಚ್ಚಿಕೊಂಡಲ್ಲ ಎಂದು ಅವರ ಹಟ. ಅವರ ಕೆಲಸ ನೋಡಿ ಬಾ, ಒಂದಿಷ್ಟು ಮಾಡಿಯೂ ಬಾ ಎಂದು ನಮ್ಮವರು ಹೇಳಿದರು.

ಪುರಸೈವಾಕ್ಕಂನಲ್ಲಿ ನಮ್ಮ ಮನೆಯವರ ಸಸ್ಯಾಹಾರಿ ಹೋಟೆಲು ಇದೆ. ಅದರ ಮಹಡಿಯ ಮೇಲೆ ಇರುವ ನನ್ನ ಅತ್ತೆಗೆ ಎಂಬತ್ತು ದಾಟಿದೆ. ಕುಂದಾಪುರದಿಂದ ಬಂದು ಅರವತ್ತು ವರ್ಷವಾದರೂ ಮಾತು ಅಲ್ಲಿಯದೇ. “ಮೀನಿನ ಊರಿಗ್ ಹೋಯಿ ಉಂಬುದ್ ಎಂತ ನೀನ್?” ಎಂದು ಸಾರಿನ ಪುಡಿ, ಇಂಗು ಕಟ್ಟಿಕೊಟ್ಟರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೋಟೆಲಿನ ಅಕ್ಕಿ ಆರಿಸಲು ಕೂರಿಸಿದವರೂ ಇವರೇ. ಮೊರದಿಂದ ನಾನು ಹೆಕ್ಕಿ ಎಸೆದದ್ದನ್ನು ಮತ್ತೆ ಅಂಗೈಗೆ ಹಾಕಿಕೊಂಡು, “ಕಲ್ಲ್ ಹೆಕ್ಕ್ ಅಂದ್ರೆ ಅಕ್ಕಿನೂ ಬಿಸಾಡ್ತ್ಯಲೆ ಮಾರಾಯ್ತಿ” ಎಂದು ಕಾಳು ಕಾಳು ವಾಪಸು ತೆಗೆಯುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು.

ನೋರಾ ಅವರ ಮನೆ

ಪಶ್ಚಿಮ ಕರಾವಳಿಯ ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆಂದು ಓದುತ್ತ ಹೋದಂತೆ ತಿಳಿಯುತ್ತದೆ. ಒಂದು ಕೊಲ್ಲಿ, ಒಂದು ಇಗರ್ಜಿ, ಒಂದು ಅಂಗಡಿ, ಮನುಷ್ಯರಿಗಿಂತ ಹೆಚ್ಚು ಕುರಿ. ಅರವತ್ತು ದಾಟಿದ ನೋರಾ ಎಂಬ ಒಂಟಿ ಹೆಂಗಸಿನ ಮನೆಯ ಮೇಲ್ಕೋಣೆಯಲ್ಲಿ ನನಗೆ ವಸತಿ.

ಬಂದ ಮರುದಿನವೇ ಅನಾಹುತ. ಕೆಲಸ ಮುಗಿಸಿ ವಾಪಸು ಬಂದರೆ ಮನೆಯ ಕಿಟಕಿಗಳೆಲ್ಲ ತೆರೆದಿವೆ, ನೋರಾ ಶಾಲು ಹೊದ್ದು ಅಂಗಳದಲ್ಲಿ ನಿಂತಿದ್ದಾರೆ, ಒಬ್ಬ ಗ್ಯಾಸ್ ರಿಪೇರಿಯವನು ನೆಲಕ್ಕೆ ಮೂಗು ಹಚ್ಚಿ ಪೈಪು ಮೂಸುತ್ತಿದ್ದಾನೆ. “ಒಳಗೆ ಹೋಗಬೇಡಿ, ಗ್ಯಾಸ್ ಸೋರುತ್ತಿದೆ” ಎಂದರು ನೋರಾ. ನನಗೆ ಮೂಗಿಗೆ ಬಡಿದ ಕೂಡಲೇ ಗೊತ್ತಾಯಿತು. ವಿಮಾನದಲ್ಲಿ ಅತ್ತೆಯ ಇಂಗಿನ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಡಬ್ಬಿ ತಂದು ತೋರಿಸಿದೆ. ಗ್ಯಾಸಿನವನು ಒಮ್ಮೆ ಮೂಸಿ ಎರಡು ಹೆಜ್ಜೆ ಹಿಂದೆ ಸರಿದು, “ಇದನ್ನು ತಿನ್ನುತ್ತೀರಾ?” ಎಂದು ಕೇಳಿದ. ಆ ಸಂಜೆ ಸಾರು ಮಾಡಿ ಬಡಿಸಿದೆ. ನೋರಾ ಎರಡನೇ ಸಲ ಹಾಕಿಸಿಕೊಂಡರು. ಆದರೂ ಡಬ್ಬಿ ಮಾತ್ರ ಅಂದಿನಿಂದ ಮೂರು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕಿಟಕಿಯ ಹೊರಗೇ ಇತ್ತು.

ಆ ಜನರ ಕೆಲವು ಅಭ್ಯಾಸಗಳು ನನಗೆ ತುಂಬ ಹಿಡಿಸಿದವು. ಕಾರು ಓಡಿಸುವವರು ಎದುರು ಬರುವ ಪ್ರತಿ ಗಾಡಿಗೂ ಸ್ಟಿಯರಿಂಗ್ ಮೇಲಿಂದ ಒಂದೇ ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ, ಪರಿಚಯ ಇರಬೇಕೆಂದಿಲ್ಲ. ವೇಲಚೇರಿಯಲ್ಲಿ, ನಾವಿರುವ ಕಡೆ, ಇದನ್ನು ಶುರು ಮಾಡಿದರೆ ಆಫೀಸು ಮುಟ್ಟುವಷ್ಟರಲ್ಲಿ ಬೆರಳು ಕಳಚಿ ಬೀಳುತ್ತದೆ. ಫೋನಿನಲ್ಲಿ ಒಮ್ಮೆ ಬೈ ಎಂದರೆ ಅವರಿಗೆ ಸಮಾಧಾನವಿಲ್ಲ. ಫೋನು ಕಿವಿಯಿಂದ ಮೇಜಿಗೆ ಇಳಿಯುವವರೆಗೂ ಬೈ ಬೈ ಬೈ ಎನ್ನುತ್ತಲೇ ಇರುತ್ತಾರೆ. ಮಾತಿಗೆ ಕೂತರೆ ಮೊದಲು ಹವಾಮಾನ, ಆಮೇಲೆ ಹವಾಮಾನ, ಮೂರನೆಯದಾಗಿ ವಿಷಯ. ನಮ್ಮ ಅತ್ತೆ ಮೊದಲು ಊಟ ಆಯಿತಾ ಎಂದು ಕೇಳುವ ಹಾಗೆ.

ದೋಣಿಯ ಮೇಲೆ

ಅಳತೆಯ ದೋಣಿ ಚಿಕ್ಕದು. ಅದರ ಯಜಮಾನಿ ಈಫಾ, ಮೂವತ್ತರ ಆಸುಪಾಸಿನ ಹುಡುಗಿ. ಅಷ್ಟು ದೊಡ್ಡ ಕೆಲಸದ ಹೊಣೆ ಹೊತ್ತವಳು ಎಲ್ಲರ ಚಹಾದ ಕಪ್ಪು ತಾನೇ ತೊಳೆಯುತ್ತಿದ್ದಳು. ನಮ್ಮಲ್ಲಿ ಅಷ್ಟು ಮೇಲಿನವರು ಕಪ್ಪು ತೊಳೆದರೆ ಕೆಳಗಿನವರಿಗೆ ಎದೆನೋವು ಬರುತ್ತದೆ.

ನೆಲ ಒರೆಸುವ ಹಾಗೆ ದೋಣಿ ಕೊಲ್ಲಿಯ ಮೇಲೆ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಒರೆಸಿದ ಪಟ್ಟಿಯ ಅಂಚಿನ ಮೇಲೆಯೇ ಮುಂದಿನ ಪಟ್ಟಿ, ನಡುವೆ ಏನೂ ತಪ್ಪಿಹೋಗದ ಹಾಗೆ. ಇಷ್ಟು ವರ್ಷ ಪರದೆಯ ಮೇಲೆ ನೋಡಿದ ಗೆರೆ ನಿಜಕ್ಕೂ ಹೇಗೆ ಹುಟ್ಟುತ್ತದೆ ಎಂದು ಕಣ್ಣಾರೆ ನೋಡಿ ನನಗೆ ಮೈ ಜುಮ್ಮೆಂದಿತು. ಆ ಸಂತೋಷ ಸುಮಾರು ಇಪ್ಪತ್ತು ನಿಮಿಷ ಇತ್ತು. ಆಮೇಲೆ ಹೊಟ್ಟೆ ತೊಳಸಿ, ತಲೆ ತಿರುಗಿ, ಬೆಳಗಿನ ಬ್ರೆಡ್ಡು ಸಮುದ್ರದ ಪಾಲಾಯಿತು. ನನ್ನ ಚೆನ್ನೈಯ ಮೂರು ಮಡಿಕೆಯ ಕೊಡೆ ಗಾಳಿಗೆ ಹಾರಿ ಅದರ ಹಿಂದೆಯೇ ಹೋಯಿತು. ಈಫಾ ನನ್ನ ಕೈಗೆ ಶುಂಠಿ ಬಿಸ್ಕತ್ತು ಕೊಟ್ಟು, “ಕೊಡೆಯೂ ನಾಳೆ ನಕ್ಷೆಯಲ್ಲಿ ಕಾಣುತ್ತದೆ, ಚಿಂತೆ ಬೇಡ” ಎಂದಳು.

ಮೂರನೇ ದಿನಕ್ಕೆ ನನ್ನನ್ನು ದಡದಲ್ಲೇ ಬಿಟ್ಟರು. ಬಂದರಿನ ಪಕ್ಕ ಒಂದು ಹಳೆಯ ಕಂಟೇನರನ್ನು ಆಫೀಸು ಮಾಡಿದ್ದರು. ಕೊಲ್ಲಿಯ ಪೂರ್ವದ ಭಾಗವನ್ನು ಚೊಕ್ಕ ಮಾಡುವ ಕೆಲಸ ನನ್ನದಾಯಿತು. ಪರದೆಯ ಮುಂದೆ ಕೂತದ್ದೇ ನನಗೆ ಹೋದ ಜೀವ ಬಂತು. ಅವರ ಒಂದು ಪದ್ಧತಿ ಮಾತ್ರ ನಗು ತರಿಸಿತು. ತೆಗೆದ ಚುಕ್ಕಿಯನ್ನು ಅವರು ಅಳಿಸುವುದಿಲ್ಲ. ಬೂದು ಬಣ್ಣ ಹಚ್ಚಿ ಮರೆ ಮಾಡುತ್ತಾರೆ. ಯಾರು ತೆಗೆದರು, ಯಾವಾಗ ತೆಗೆದರು ಎಂಬುದೂ ಅದರ ಜೊತೆಗೇ ಇರುತ್ತದೆ. ಕಸ ಗುಡಿಸಿ ಮನೆಯ ಮೂಲೆಯಲ್ಲೇ ಇಟ್ಟುಕೊಳ್ಳುವ ಜನ ಎಂದುಕೊಂಡೆ. ಒಂದು ವಾರದ ಕೆಲಸವನ್ನು ನಾಲ್ಕು ದಿನದಲ್ಲಿ ಮುಗಿಸಿದೆ. ಈಫಾ ನೋಡಿ, “ಎಷ್ಟು ಚೊಕ್ಕ!” ಎಂದು ಸಹಿ ಹಾಕಿದಳು. ಅಂದು ರಸ್ತೆಯಲ್ಲಿ ಬಂದ ಗಾಡಿಗಳಿಗೆಲ್ಲ ನಾನೂ ಬೆರಳು ಎತ್ತಿದೆ.

ಬಂದರಿನ ಕಟ್ಟೆ

ನೋರಾ ಅವರ ಅಣ್ಣ ಪಾಡ್ರಿಗ್, ಏಡಿಯನ್ನೂ ಲಾಬ್‌ಸ್ಟರನ್ನೂ ಹಿಡಿಯುವವರು. ಬಲೆ ಬಿಗಿದ ಬುಟ್ಟಿಗಳನ್ನು ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸಿ, ಮರುದಿನ ಎಳೆಯುತ್ತಾರೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಬುಟ್ಟಿ ಸರಿ ಮಾಡುವಾಗ ನಾನೂ ಹೋಗಿ ಕೂರುತ್ತಿದ್ದೆ. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದು ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, “ಮೀನಿನ ಮನೆಯ ನಕ್ಷೆ ಮಾಡಲು ನಿಮ್ಮಂಥವರೇ ಸರಿ” ಎಂದರು.

ಲಾಬ್‌ಸ್ಟರ್ ಕೆಸರಿನಲ್ಲಿ ಇರುವುದಿಲ್ಲ, ಅದಕ್ಕೆ ಬಂಡೆಯ ಬಿರುಕು ಬೇಕು. ಕೊಲ್ಲಿಯ ಪೂರ್ವಕ್ಕೆ, ಕೆಸರಿನ ನಟ್ಟನಡುವೆ, ಪಾಡ್ರಿಗ್ ಅವರ ತಂದೆ ಕಂಡುಕೊಂಡ ಒಂದು ಬಂಡೆ ಇದೆಯಂತೆ. ಅದು ಯಾವ ಹಳೆಯ ನಕ್ಷೆಯಲ್ಲೂ ಇಲ್ಲ. ಇಗರ್ಜಿಯ ಗೋಪುರ ಇಂಥ ಮನೆಯ ಚಿಮಣಿಯ ನೇರಕ್ಕೆ ಬಂದಾಗ, ಇಂಥ ಗುಡ್ಡ ಇನ್ನೊಂದರ ಹಿಂದಿನಿಂದ ಇಣುಕಿದಾಗ, ಕೆಳಗೆ ಬಂಡೆ ಎಂದು ಗುರುತು. ಆ ಗುರುತನ್ನು ತಂದೆ ಮಗನಿಗೆ ಹೇಳುತ್ತಾನೆ, ಬೇರೆ ಯಾರಿಗೂ ಅಲ್ಲ. ತಂಗಿ ನೋರಾಗೂ ಗೊತ್ತಿಲ್ಲ. ಆ ಊರಿನಲ್ಲಿ ಯಾರೂ ಯಾರ ಗುರುತನ್ನೂ ಕೇಳುವುದಿಲ್ಲ. ಕೇಳಿದರೆ ಇನ್ನೊಬ್ಬರ ಬೀರು ತೆರೆದ ಹಾಗೆ.

ಇದು ನನಗೆ ಹೊಸದೆನಿಸಲಿಲ್ಲ. ವೇಲಚೇರಿಯಲ್ಲಿ ಮಳೆಗಾಲಕ್ಕೆ ರಸ್ತೆಯೆಲ್ಲ ಮೊಣಕಾಲುದ್ದ ನೀರಾದಾಗ, ನಮ್ಮ ಬೀದಿಯ ಇಸ್ತ್ರಿಯವರು ಕೋಲು ಹಿಡಿದು ಮುಂದೆ ನಡೆಯುತ್ತಾರೆ, ನಾವೆಲ್ಲ ಸಾಲಾಗಿ ಹಿಂದೆ. ಯಾವ ಗೇಟಿನ ನೇರಕ್ಕೆ ಚರಂಡಿ ಬಾಯಿ ತೆರೆದಿದೆ ಎಂದು ಅವರ ಕಾಲಿಗೆ ಗೊತ್ತು.

ಪಾಡ್ರಿಗ್ ಅವರ ಮನಸ್ಸಿನಲ್ಲಿ ಒಂದು ಆತಂಕ ಇತ್ತು. ಅಳತೆ ಮುಗಿದ ಮೇಲೆ ಕೊಲ್ಲಿಯಲ್ಲಿ ದೊಡ್ಡ ಹಡಗುಗಳು ಲಂಗರು ಹಾಕಲು ಒಂದು ಜಾಗ ಗೊತ್ತು ಮಾಡುವುದಿತ್ತು. ಬರೀ ಕೆಸರಿದ್ದರೆ ತೊಂದರೆಯಿಲ್ಲ. ಲಂಗರು ಬಂಡೆಯ ಮೇಲೆ ಬಿದ್ದರೆ, ಗಾಳಿಗೆ ಹಡಗು ತಿರುಗಿದ ಹಾಗೆಲ್ಲ ಲಂಗರಿನ ಸರಪಳಿ ಅದನ್ನು ಉಜ್ಜಿ ಪುಡಿ ಮಾಡುತ್ತದೆ. ಬಂಡೆ ಕಂಡ ಕಡೆ ಲಂಗರು ಕೂಡದು ಎಂಬುದು ನಿಯಮ. ಹಾಗಾಗಿ ಬಂಡೆ ನಕ್ಷೆಗೆ ಬರಲೇಬೇಕು, ಆದರೆ ಅವರ ಬಾಯಿಂದ ಬರಬಾರದು.

“ಈ ಯಂತ್ರದ ಕಣ್ಣಿಗೆ ಏನೂ ತಪ್ಪುವುದಿಲ್ಲ ಅಂತ ಈಫಾ ಹೇಳಿದ್ದಾಳೆ,” ಎಂದರು ನನಗೆ. “ಒಳ್ಳೆಯದಾಯಿತು. ನಾನು ಹೇಳಿದ ಹಾಗೂ ಆಗಲಿಲ್ಲ, ಅದು ಉಳಿದ ಹಾಗೂ ಆಯಿತು.”

“ಖಂಡಿತ ತಪ್ಪುವುದಿಲ್ಲ” ಎಂದು ನಾನೂ ತಲೆಯಾಡಿಸಿದೆ. ನಾನೇ ಗುಡಿಸಿದ ಪೂರ್ವದ ಭಾಗವನ್ನು ಮತ್ತೊಮ್ಮೆ ತೆರೆದು ನೋಡಬೇಕೆಂದು ಹೊಳೆಯಲಿಲ್ಲ.

ಊರಿನ ಸಭಾಂಗಣ

ಎರಡನೇ ವಾರದ ಕೊನೆಗೆ ಕರಡು ನಕ್ಷೆಯನ್ನು ಊರಿನವರ ಮುಂದೆ ಇಟ್ಟರು. ಇದನ್ನು ನಾನು ಎಷ್ಟು ಹೊಗಳಿದರೂ ಸಾಲದು. ರಾಜಧಾನಿಯಲ್ಲಿ ಕೂತು ಗೆರೆ ಎಳೆದು ಕಳಿಸಿದ್ದಲ್ಲ. ಇಗರ್ಜಿಯ ಪಕ್ಕದ ಸಭಾಂಗಣದ ಗೋಡೆಗೆ ನಕ್ಷೆ ಅಂಟಿಸಿ, ಚಹಾ, ಬೆಣ್ಣೆ ಹಚ್ಚಿದ ಬ್ರೆಡ್ಡು ಇಟ್ಟು, ತಪ್ಪಿದ್ದರೆ ಹೇಳಿ ಎಂದು ಕರೆದಿದ್ದರು. ನಮ್ಮ ಸಭೆಗಳ ಹಾಗೆ ಅಲ್ಲೂ ಎಲ್ಲರೂ ಮೊದಲು ಹಿಂದಿನ ಸಾಲನ್ನೇ ಹಿಡಿದರು. ಮೀನುಗಾರರೆಲ್ಲ ಬಂದಿದ್ದರು.

ನಕ್ಷೆ ಚೆನ್ನಾಗಿತ್ತು. ಪೂರ್ವದ ಭಾಗ ಕೆಸರಿನ ಬಣ್ಣದಲ್ಲಿ ಹೊಸದಾಗಿ ಸಾರಿಸಿದ ಅಂಗಳದಂತೆ ಹೊಳೆಯುತ್ತಿತ್ತು. ಅದರ ಮೇಲೊಂದು ಚೌಕ. ಲಂಗರು ಹಾಕುವ ಜಾಗ ಎಂದು ಬರೆದಿತ್ತು.

ಪಾಡ್ರಿಗ್ ಚಹಾದ ಕಪ್ಪು ಕೆಳಗಿಟ್ಟು ನಕ್ಷೆಯ ಹತ್ತಿರ ಹೋದರು. ಕನ್ನಡಕ ಹಾಕಿಕೊಂಡು ಚೌಕದ ಒಳಗೆ ಒಂದು ಕಡೆ ಬೆರಳು ಇಟ್ಟರು. ಬೆರಳು ಅಲ್ಲೇ ನಿಂತಿತು. ಆಮೇಲೆ ತಿರುಗಿ ನೋಡಿದರು. ಹಿಂದೆ ಊರಿನ ಮೀನುಗಾರರೆಲ್ಲ ಅವರನ್ನೇ ನೋಡುತ್ತಿದ್ದರು. ಇಲ್ಲಿ ಬಂಡೆ ಇದೆ ಎಂದರೆ ತಂದೆ ಕೊಟ್ಟ ಗುರುತು ಎಲ್ಲರ ಮುಂದೆ ಬಿದ್ದಂತೆ. ಹೇಳದಿದ್ದರೆ ಬಂಡೆಯೇ ಹೋದಂತೆ.

“ಎಲ್ಲ ಸರಿ ಇದೆಯಾ ಪಾಡ್ರಿಗ್?” ಎಂದು ಈಫಾ ಕೇಳಿದಳು.

“ಸರಿ ಇದೆ” ಎಂದು ಅವರು ಕನ್ನಡಕ ಜೇಬಿಗೆ ಹಾಕಿ, ಟೋಪಿ ಇಟ್ಟುಕೊಂಡು ಹೊರಟುಹೋದರು.

ನೋರಾ ನನ್ನ ತೋಳು ಹಿಡಿದು, “ಅಣ್ಣ ಚಹಾ ಬಿಟ್ಟು ಹೋದ. ಅಪ್ಪನನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಹೀಗೆ ಮಾಡಿದವನಲ್ಲ” ಎಂದರು.

ನನ್ನ ಕೈಯಲ್ಲಿ ಬ್ರೆಡ್ಡು ಹಾಗೇ ಇತ್ತು. ಅವರ ಬೆರಳು ನಿಂತದ್ದು ನನ್ನ ಭಾಗದ ಮೇಲೆ. ಅಲ್ಲಿ ನಾನು ತೆಗೆದದ್ದು ನೆನಪಾಯಿತು: ಚಪ್ಪಟೆ ತಳದಿಂದ ಸೂಜಿಗಳ ಹಾಗೆ ಎದ್ದು ನಿಂತ ಒಂದು ಗುಂಪು ಚುಕ್ಕಿ. ಕೆಸರಿನ ನಡುವೆ ಇನ್ನೇನು ಇರುತ್ತದೆ, ಮೀನಿನ ಹಿಂಡು ಎಂದು ಒಂದೇ ಏಟಿಗೆ ಗುಡಿಸಿದ್ದೆ.

ಬೂದು ಚುಕ್ಕಿಗಳು

ಬೇಸಿಗೆಯಾದ್ದರಿಂದ ಸಂಜೆಯೂ ಒಳ್ಳೆಯ ಬೆಳಕಿತ್ತು. ಈಫಾಳನ್ನು ಎಳೆದುಕೊಂಡೇ ಕಂಟೇನರಿಗೆ ಹೋದೆ. ನಾನು ತೆಗೆದ ಚುಕ್ಕಿಗಳನ್ನು ತೋರಿಸು ಎಂದೆ. ಅವಳು ಒಂದು ಗುಂಡಿ ಒತ್ತಿದಳು. ನಾನು ನಕ್ಕಿದ್ದ ಆ ಬೂದು ಕಸವೆಲ್ಲ ಎದ್ದು ಬಂತು.

ಒಂದು ಪಟ್ಟಿಯಲ್ಲಿ ಸೂಜಿಗಳು. ಪಕ್ಕದ ಪಟ್ಟಿಯಲ್ಲಿ, ಅದೇ ಜಾಗದಲ್ಲಿ, ಮತ್ತೆ ಸೂಜಿಗಳು. ಮೊದಲನೆಯದು ಮಂಗಳವಾರ ಅಳೆದದ್ದು, ಎರಡನೆಯದು ಗುರುವಾರ. ಯಾವ ಮೀನಿನ ಹಿಂಡು ಮಂಗಳವಾರದಿಂದ ಗುರುವಾರದವರೆಗೆ ಒಂದೇ ಕಡೆ ನನಗಾಗಿ ಕಾದು ನಿಂತಿರುತ್ತದೆ? ಪಕ್ಕದ ಪಟ್ಟಿ ನೋಡಿ ಆಮೇಲೆ ತೆಗೆ ಎಂಬುದು ಈ ಕೆಲಸದ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುವವಳು ನಾನೇ. ಬೇಗ ಮುಗಿಸಿ ಭೇಷ್ ಎನಿಸಿಕೊಳ್ಳುವ ಆಸೆಗೆ ಒಂದೊಂದೇ ಪಟ್ಟಿ ತೆರೆದು ಗುಡಿಸುತ್ತ ಹೋಗಿದ್ದೆ. ಎರಡು ಪಟ್ಟಿ ಸೇರಿಸಿ ನೋಡಿದರೆ ಅದು ಬಂಡೆ. ಸಣ್ಣ ಮಗುವಿಗೂ ಗೊತ್ತಾಗುವಂಥ ಬಂಡೆ. ಪ್ರತಿ ಚುಕ್ಕಿಯ ಜೊತೆ ನನ್ನ ಹೆಸರು.

ಅತ್ತೆಯ ಅಂಗೈ ನೆನಪಾಯಿತು. ನಾಚಿಕೆಯಿಂದ ನನಗೆ ಅಳು ಬಂತು.

ಈಫಾ ಕುರ್ಚಿ ಹತ್ತಿರ ಎಳೆದು ಕೂತಳು. “ಸಹಿ ಹಾಕಿದ್ದು ನಾನು. ತಪ್ಪು ಇಬ್ಬರದ್ದೂ. ಎಸೆದಿಲ್ಲವಲ್ಲ, ಇದೆಯಲ್ಲ” ಎಂದಳು. ಮೇಲಿನವರಿಗೆ ಬರೆಯುವ ಪತ್ರವನ್ನು ನನ್ನ ಎದುರೇ ಬರೆದಳು. ಅದರಲ್ಲೂ ಇಬ್ಬರ ಹೆಸರು ಹಾಕಿದಳು. ಯಾರ ತಲೆಗೆ ಕಟ್ಟೋಣ ಎಂಬ ಹುಡುಕಾಟವೇ ಇರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಅಂಥ ಪತ್ರ ನೋಡಿರಲಿಲ್ಲ. “ಆದರೆ ಪಾಡ್ರಿಗ್‌ಗೆ ಹೇಳಬೇಕು” ಎಂದಳು. ನಾನು ಹೇಳುತ್ತೇನೆ ಎಂದೆ.

ಮತ್ತೆ ಅದೇ ನೀರು

ಬೆಳಿಗ್ಗೆ ಕಟ್ಟೆಗೆ ಹೋದಾಗ ಪಾಡ್ರಿಗ್ ಹಗ್ಗ ಸುತ್ತುತ್ತಿದ್ದರು. ಇವತ್ತು ಗಾಳಿ ಇಲ್ಲ ಎಂದರು. ಇಲ್ಲ ಎಂದೆ. ಮಳೆ ಬರಬಹುದು ಎಂದರು. ಬರಬಹುದು ಎಂದೆ. ಆಮೇಲೆ ಹೇಳಿದೆ.

“ನಿಮ್ಮ ಬಂಡೆ ಯಂತ್ರಕ್ಕೆ ಕಂಡಿತ್ತು. ನಾನು ಅಳಿಸಿದೆ. ಮೀನು ಅಂದುಕೊಂಡೆ.”

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. “ಮೀನು ತಿನ್ನದವರಿಗೆ ಎಲ್ಲ ಕಡೆ ಮೀನೇ ಕಂಡಿತಾ?” ಎಂದರು. ನಗಲಿಲ್ಲ.

“ತಪ್ಪಾಯಿತು. ಇವತ್ತೇ ಇನ್ನೊಂದು ಸಲ ಅದರ ಮೇಲಿಂದ ಹೋಗಿ ಖಚಿತ ಮಾಡಿ ವಾಪಸು ಹಾಕುತ್ತೇವೆ. ಚೌಕವೂ ಅಲ್ಲಿಂದ ಹೋಗುತ್ತದೆ.”

“ಹಾಕಿದರೆ ಎಲ್ಲರಿಗೂ ಕಾಣುತ್ತದೆ.”

“ಎಲ್ಲರಿಗೂ ಕಾಣುತ್ತದೆ. ಇರುವುದನ್ನು ಇಲ್ಲ ಅನ್ನಲು ನನಗೆ ಆಗುವುದಿಲ್ಲ. ಒಂದು ಸಲ ಅಂದದ್ದಕ್ಕೇ ಇಷ್ಟಾಯಿತು.”

ಅವರು ಇಗರ್ಜಿಯ ಕಡೆ ನೋಡುತ್ತ ನಿಂತರು. ಕೊನೆಗೆ ಹಗ್ಗ ಕೆಳಗಿಟ್ಟು, “ಹಾಕುವುದಾದರೆ ಸರಿಯಾಗಿ ಹಾಕಿ. ನಾನೂ ಬರುತ್ತೇನೆ” ಎಂದರು.

ದೋಣಿ ಹತ್ತಿದ ಮೇಲೆ ಅವರು ಈಫಾಗೆ ಪರದೆಯನ್ನು ತನ್ನಿಂದ ಆಚೆ ತಿರುಗಿಸಲು ಹೇಳಿದರು. ಚುಕ್ಕಾಣಿಯ ಪಕ್ಕ ನಿಂತು ದಡವನ್ನೇ ನೋಡುತ್ತಿದ್ದರು. ಎಡಕ್ಕೆ ಎಂದು ಒಂದು ಬೆರಳು, ಬಲಕ್ಕೆ ಎಂದು ಒಂದು ಬೆರಳು. ರಸ್ತೆಯಲ್ಲಿ ನಮಸ್ಕಾರ ಹೇಳುವ ಅದೇ ಬೆರಳು. ಅವರು ಏನನ್ನು ಯಾವುದರ ನೇರಕ್ಕೆ ತಂದರೆಂದು ನಾನು ನೋಡಿದ್ದೇನೆ; ಬರೆಯುವುದಿಲ್ಲ. ನಕ್ಷೆಯಲ್ಲಿ ಯಾರು ಬೇಕಾದರೂ ನೋಡಿಕೊಳ್ಳಲಿ, ನನ್ನ ಬಾಯಿಂದ ಬೇಡ.

“ಇಲ್ಲಿ” ಎಂದರು.

ಪರದೆಯ ಮೇಲೆ, ದೋಣಿಯ ಕೆಳಗೆ, ತಳ ಮೆಲ್ಲನೆ ಏಳುತ್ತಿತ್ತು. ಉಪಗ್ರಹ, ಕಂಪ್ಯೂಟರು, ಅಷ್ಟೆಲ್ಲ ಸಲಕರಣೆ ಹೇಳಿದ ಜಾಗಕ್ಕೂ ಆ ಮನುಷ್ಯ ಕಣ್ಣಳತೆಯಲ್ಲಿ ಹೇಳಿದ ಜಾಗಕ್ಕೂ ನಾಲ್ಕು ಮಾರು ವ್ಯತ್ಯಾಸವಿರಲಿಲ್ಲ. ಈಫಾ ಬಾಯಿ ತೆರೆದವಳು ಮುಚ್ಚಲಿಲ್ಲ. ನನಗಂತೂ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು. ಅಲ್ಲಿಯವರು ಗಾಬರಿಯಾಗುತ್ತಾರೆಂದು ಸುಮ್ಮನಾದೆ.

ಪಾಡ್ರಿಗ್ ಈಗ ಪರದೆಯ ಕಡೆ ತಿರುಗಿದರು. ಜೀವಮಾನವೆಲ್ಲ ಆ ಬಂಡೆಯನ್ನು ಹಗ್ಗದ ತುದಿಯಲ್ಲಿ ಕೈಯಿಂದ ಮಾತ್ರ ತಿಳಿದಿದ್ದವರು ಮೊದಲ ಸಲ ಅದರ ಮುಖ ನೋಡುತ್ತಿದ್ದರು. ಒಂದು ಕಡೆ ಅದಕ್ಕೆ ಭುಜದಂಥ ಚಾಚು, ಅದರ ಕೆಳಗೆ ಆಳವಾದ ಬಿರುಕು.

“ಇಲ್ಲೇ,” ಎಂದು ಆ ಬಿರುಕಿನ ಮೇಲೆ ಬೆರಳಿಟ್ಟರು. “ಅಪ್ಪನ ಎಷ್ಟು ಬುಟ್ಟಿಗಳು ಇಲ್ಲಿ ಸಿಕ್ಕಿಕೊಂಡು ಹೋದವು. ಯಾಕೆ ಅಂತ ಅವನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ.” ಅವರ ಕಣ್ಣು ತುಂಬಿತ್ತು. ನನ್ನದೂ. ವಾಪಸು ದಡ ಮುಟ್ಟಿದ ಮೇಲೆ ನೆನಪಾಯಿತು, ಅಂದು ನನಗೆ ಹೊಟ್ಟೆ ತೊಳಸಿರಲಿಲ್ಲ.

ನಾನು ಹೊರಡುವ ಮುನ್ನಾದಿನ ತಿದ್ದಿದ ನಕ್ಷೆ ಸಭಾಂಗಣದ ಗೋಡೆಗೆ ಬಂತು. ಲಂಗರಿನ ಚೌಕ ಪಶ್ಚಿಮದ ನಿಜವಾದ ಕೆಸರಿಗೆ ಸರಿದಿತ್ತು. ಪೂರ್ವದಲ್ಲಿ ಬಂಡೆ ಎದ್ದು ಕೂತಿತ್ತು. “ಅಪ್ಪ ಇದ್ದಿದ್ದರೆ ನನ್ನನ್ನೇ ಬುಟ್ಟಿಗೆ ಕಟ್ಟಿ ಇಳಿಸುತ್ತಿದ್ದ” ಎಂದು ಪಾಡ್ರಿಗ್ ಹೇಳುತ್ತಿರುವಾಗ, ಅವರದೇ ವಯಸ್ಸಿನ ಮೀನುಗಾರರೊಬ್ಬರು ಚಹಾ ಹಿಡಿದು ನಕ್ಷೆಯ ಹತ್ತಿರ ಬಂದರು.

“ಅದಾ? ನಿನ್ನ ದೋಣಿ ದಿನಾ ನಿಲ್ಲುವ ಜಾಗ ನಮಗೆ ಕಾಣುವುದಿಲ್ಲವಾ ಪಾಡ್ರಿಗ್? ಎಲ್ಲರಿಗೂ ಗೊತ್ತಿದ್ದದ್ದೇ” ಎಂದರು. “ನಿಮ್ಮಪ್ಪನ ಜಾಗ ಅಂತ ಯಾರೂ ಬುಟ್ಟಿ ಇಳಿಸಲಿಲ್ಲ, ಅಷ್ಟೆ. ಮುಂದೆಯೂ ಇಳಿಸುವುದಿಲ್ಲ.”

ಅಂದು ಪಾಡ್ರಿಗ್ ಎರಡು ಕಪ್ಪು ಚಹಾ ಕುಡಿದರು.

ಕಾಶಿಮೇಡು

ಮನೆಗೆ ಬಂದ ಮರುದಿನ ಅತ್ತೆಯನ್ನು ನೋಡಲು ಪುರಸೈವಾಕ್ಕಂಗೆ ಹೋದೆ. “ಅಷ್ಟ್ ದೂರ ಹೋಯಿ ಎಂತ ಕಂಡೆ?” ಎಂದು ಕೇಳಿದರು.

“ಒಂದು ಕಲ್ಲು ನೋಡಿದೆ ಅತ್ತೆ.”

“ಕಲ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ?”

ನಾನು ನಕ್ಕೆ. ನಗುವುದು ಮುಗಿಯುವ ಮೊದಲೇ ಗೋಣಿಚೀಲ ಹೊತ್ತ ಏಳುಮಲೈ ಕಣ್ಣ ಮುಂದೆ ಬಂದು ನಿಂತರು. ವಾದ ಮಾಡದೆ ಕಾಫಿ ಕುಡಿದು ಎದ್ದುಹೋದವರು. ಪಾಡ್ರಿಗ್ ಟೋಪಿ ಇಟ್ಟುಕೊಂಡು ಹೊರಟಾಗ ಆ ಬೆನ್ನನ್ನು ನಾನು ಎಲ್ಲಿಯೋ ನೋಡಿದ್ದೇನೆ ಎನಿಸಿತ್ತು.

ನಮ್ಮ ಆಫೀಸಿನಲ್ಲೂ ದೋಣಿಯಿಂದ ಬಂದ ಮೂಲ ಡೇಟಾ ಎಸೆಯುವುದಿಲ್ಲ, ಬೀರುವಿನಲ್ಲಿ ಇರುತ್ತದೆ. ಗುಡಿಸಿದ ಶೀಟು ಸಿದ್ಧವಾದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ, ಅಷ್ಟೆ. ತೆರೆಸಿದೆ. ಕಾಶಿಮೇಡಿನ ಎದುರಿನ ಶೀಟು, ನಾನೇ ಗುಡಿಸಿದ್ದು. ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟೆ. ಬೇರೆ ಬೇರೆ ದಿನದ ಮೂರು ಪಟ್ಟಿಗಳಲ್ಲಿ ಒಂದೇ ಜಾಗದಲ್ಲಿ ಸೂಜಿಗಳು. ಈ ಸಲ ಪತ್ರವನ್ನು ನಾನೇ ಬರೆದು, ನನ್ನ ಹೆಸರನ್ನು ಮೇಲೆಯೇ ಹಾಕಿದೆ.

ಆಮೇಲೆ ಶೀಟಿನ ಪ್ರತಿಯೊಂದನ್ನು ಸುತ್ತಿ ಹಿಡಿದುಕೊಂಡು ಕಾಶಿಮೇಡಿಗೆ ಹೋದೆ. ಇಷ್ಟು ವರ್ಷ ಚೆನ್ನೈಯಲ್ಲಿದ್ದು ಮೀನಿನ ಬಂದರಿಗೆ ಕಾಲಿಟ್ಟದ್ದು ಅದೇ ಮೊದಲು. ಮೂಗಿಗೆ ಸೆರಗು ಹಿಡಿಯಲು ಹೋದ ಕೈಯನ್ನು ಕೆಳಗಿಳಿಸಿದೆ. ಕೇಳುತ್ತ ಕೇಳುತ್ತ ಹೋದರೆ ಏಳುಮಲೈ ಮಗುಚಿ ಹಾಕಿದ ದೋಣಿಯ ನೆರಳಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ಗುರುತು ಹಿಡಿದರು. ನಾನು ಶೀಟು ಬಿಚ್ಚಿ ಮರಳಿನ ಮೇಲೆ ಹಾಸಿದೆ.

“ಪಾರು ಇರುಕ್ಕು ಅಣ್ಣಾ. ತಪ್ಪು ಎನ್ನೋಡದು” ಎಂದೆ. ಬಂಡೆ ಇದೆ, ತಪ್ಪು ನನ್ನದು.

ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಗೆದ್ದವರ ಮುಖವಾಗಿರಲಿಲ್ಲ ಅದು. “ಅನ್ನಿಕ್ಕೇ ಸೊನ್ನೇನೇಮ್ಮಾ” ಎಂದರು, ಅವತ್ತೇ ಹೇಳಿದ್ದೆನಲ್ಲಮ್ಮಾ ಎಂದು, ತೀರ ಮೆಲ್ಲಗೆ. ಆಮೇಲೆ ಬಲೆ ಬದಿಗೆ ಸರಿಸಿ, “ಉಕ್ಕಾರುಂಗಮ್ಮಾ, ಕಾಪಿ ಸಾಪ್ಪಿಡ್ರೀಂಗಳಾ?” ಎಂದು ಕೂರಿಸಿ, ಕಾಫಿ ಕುಡಿಯುತ್ತೀರಾ ಎಂದು ಕೇಳಿ, ನಾನು ಹೂಂ ಎನ್ನುವ ಮೊದಲೇ ಅಂಗಡಿಯ ಕಡೆ ಕೂಗಿ ಎರಡು ಕಾಫಿ ಹೇಳಿದರು.

ಅಂದು ನಾನು ಅವರಿಗೆ ಕಾಫಿ ಕೊಟ್ಟದ್ದು ಎದ್ದು ಹೋಗಲಿ ಎಂದು. ಇಂದು ಅವರು ನನಗೆ ಕಾಫಿ ಕೊಟ್ಟದ್ದು ಕೂರಲಿ ಎಂದು. ಲೋಟ ನನ್ನ ಕೈಗಿಟ್ಟು, ಶೀಟಿನ ಮೇಲೆ ಬಾಗಿ, ಮರಳಿನ ಬಣ್ಣದ ಖಾಲಿ ಜಾಗದಲ್ಲಿ ಬೆರಳು ಇಟ್ಟರು. “ಇಂಗೆ ಒಣ್ಣು” ಎಂದರು, ಇಲ್ಲೊಂದು. ಬೆರಳು ಸ್ವಲ್ಪ ಉತ್ತರಕ್ಕೆ ಸರಿಯಿತು. ಇಲ್ಲೊಂದು.

ನಾನು ಬ್ಯಾಗಿನಿಂದ ಪೆನ್ಸಿಲ್ ತೆಗೆದೆ. ಕಾಫಿ ಆರುವ ಮೊದಲು ನಾಲ್ಕು ಪಾರು ಬರೆದುಕೊಂಡಿದ್ದೆ.